ಕಲ್ಲು ಎಲ್ಲುಂಟು? ಮನೆ ತಗೊಳ್ಳುವ ಮೊದಲು ನಮ್ಮ ಕಡೆಯ ಸರ್ವೆ ಕಥೆ

ಭಾಗ 1

ಗುರುವಾಯನಕೆರೆ ಜಂಕ್ಷನ್‌ನಲ್ಲಿ ಬಸ್ಸಿಗೆ ಕಾಯುವಾಗ ಸುಮ್ನೆ ಅಂಗಡಿ ಗೋಡೆ, ಕರೆಂಟ್ ಕಂಬ ನೋಡಿ. "ಮನೆ ಮಾರಾಟಕ್ಕಿದೆ", "10 ಸೆಂಟ್ಸ್ ಜಾಗ, ಕನ್ವರ್ಷನ್ ಆಗಿದೆ", "9/11 ರೆಡಿ". ಬೆಳ್ತಂಗಡಿ, ಬಂಟ್ವಾಳ, ವೇಣೂರು–ಮೂಡುಬಿದಿರೆ, ಕಾರ್ಕಳ, ಎಲ್ಲಾ ದಾರಿಯೂ ಇಲ್ಲಿ ಸೇರುವುದರಿಂದ ಕುವೆಟ್ಟು ಗ್ರಾಮದ ಸುತ್ತ ಮನೆ ಹುಡುಕುವವರಿಗೆ ಬರಗಾಲ ಇಲ್ಲ.

ನಿಮ್ಮಲ್ಲಿ ಕೆಲವರ ಮನೆಯಲ್ಲಿ ಈಗಾಗ್ಲೇ ಈ ಮಾತು ನಡೀತಾ ಇರ್ಬಹುದು. ಅಣ್ಣ ಬೆಂಗಳೂರಿನಲ್ಲಿ, ಮಾವ ದುಬೈಯಲ್ಲಿ, ಊರಲ್ಲೊಂದು ಮನೆ ಬೇಕು. ಜಾಗ ನೋಡಿ ಆಯ್ತು, ಬಾವಿಯ ನೀರು ಕುಡಿದು ಆಯ್ತು, ರೇಟು ಕುದುರಿತು. ಆಗ ಯಾರೋ ಒಬ್ಬರು ಕೇಳ್ತಾರೆ: "ಸರ್ವೆ ಮಾಡಿಸಿದ್ರಾ?" ತಕ್ಷಣ ಇನ್ನೊಬ್ಬರು: "ಎಂತಕ್ಕೆ? ಆರ್‌ಟಿಸಿ ಸರಿ ಉಂಟಲ್ಲ. ಮತ್ತೆ ಅವರು ಪಾಪದವರು, ಮೋಸ ಮಾಡುವವರಲ್ಲ."

ಮಾರುವವರು ಪಾಪದವರೇ ಇರ್ಬಹುದು. ಪ್ರಶ್ನೆ ಅದಲ್ಲ. ತನ್ನ ಜಾಗ ಎಲ್ಲಿಗೆ ಮುಗೀತದೆ ಅಂತ ಆ ಪಾಪದವರಿಗೇ ಗೊತ್ತುಂಟಾ? ನಮ್ಮ ಜಿಲ್ಲೆಯಲ್ಲಿ ತುಂಬಾ ಸಲ ಗೊತ್ತಿರುವುದಿಲ್ಲ, ಅದಕ್ಕೆ ಇನ್ನೂರು ವರ್ಷಕ್ಕಿಂತ ಹಳೇ ಕಾರಣ ಉಂಟು. ಈ ಸರಣಿ ಆ ಕಾರಣದ ಬಗ್ಗೆ. ಸ್ವಲ್ಪ ಉದ್ದ ಆಗ್ತದೆ, ಸೇವ್ ಮಾಡಿ ಇಟ್ಕೊಳ್ಳಿ.

ಭಾಗ 2

ನಿಮ್ಮ ಅಜ್ಜನ ಹತ್ರ "ನಮ್ಮ ಗದ್ದೆ ಎಷ್ಟಿತ್ತು?" ಅಂತ ಕೇಳಿ ನೋಡಿ. "ಎರಡು ಎಕರೆ" ಅನ್ನುವುದಕ್ಕಿಂತ "ಇಷ್ಟು ಮುಡಿ ಗದ್ದೆ" ಅನ್ನುವ ಸಾಧ್ಯತೆಯೇ ಜಾಸ್ತಿ. ಮುಡಿ ಅಂದ್ರೆ ಬೈಹುಲ್ಲಿನಲ್ಲಿ ಉಂಡೆ ಕಟ್ಟಿದ ಅಕ್ಕಿ. 3 ಕಳಸೆ ಸೇರಿದ್ರೆ 1 ಮುಡಿ, ಅಂದ್ರೆ 42 ಸೇರು. ಎಷ್ಟು ಬೀಜ ಹಿಡೀತದೆ, ಎಷ್ಟು ಗೇಣಿ ಬರ್ತದೆ ಅನ್ನುವುದೇ ಜಾಗದ ಅಳತೆ. ಒಳ್ಳೇ ಬೈಲು ಗದ್ದೆ ಚಿಕ್ಕದಾದ್ರೂ ಲೆಕ್ಕದಲ್ಲಿ ದೊಡ್ಡದು, ಮಳೆ ನಂಬಿದ ಬೆಟ್ಟು ಗದ್ದೆ ಅಗಲ ಇದ್ರೂ ಲೆಕ್ಕದಲ್ಲಿ ಸಣ್ಣದು, ಮಜಲು ಇವೆರಡರ ಮಧ್ಯೆ. ಕೃಷಿ ಮಾಡುವವನಿಗೆ ಇದಕ್ಕಿಂತ ಬುದ್ಧಿವಂತ ಅಳತೆ ಇಲ್ಲ. ಆದ್ರೆ ಈ ಅಳತೆಯಿಂದ ಕಾಂಪೌಂಡ್ ಗೋಡೆ ಕಟ್ಟಲಿಕ್ಕೆ ಆಗುವುದಿಲ್ಲ ಮಾರಾಯ್ರೆ.

ಹಾಗಾದ್ರೆ ಗಡಿ? ಗಡಿಯನ್ನು ಅಳೆಯುತ್ತಿರಲಿಲ್ಲ, ಹೇಳುತ್ತಿದ್ದರು. ಬಾರಕೂರಿನಂಥ ಕಡೆ ಸಿಗುವ ಹಳೇ ದಾನ ಶಾಸನಗಳಲ್ಲಿ ಭೂಮಿ ಕೊಟ್ಟದ್ದನ್ನು ಬರೆಯುವಾಗ ನಾಲ್ಕು ದಿಕ್ಕಿನ ಮೇರೆ ಹೇಳ್ತಾರೆ: ಮೂಡಲಿಗೆ ಇಂಥವರ ಗದ್ದೆ, ಪಡುವಲಿಗೆ ಹೊಳೆ, ಹೀಗೆ. ಇದೇ ಚತುಸ್ಸೀಮೆ. ದಾನದ ಜಾಗದ ಅಂಚಿಗೆ ಗುರುತಿನ ಕಲ್ಲೂ ನೆಡ್ತಿದ್ರು. ಶೈವ ದಾನಕ್ಕೆ ಲಿಂಗಮುದ್ರೆ ಕಲ್ಲು, ಬ್ರಾಹ್ಮಣರಿಗೆ ಅಥವಾ ವೈಷ್ಣವ ದೇವಸ್ಥಾನಕ್ಕೆ ಕೊಟ್ಟರೆ ಕೊಡೆ ಹಿಡಿದ ವಾಮನನ ಕಲ್ಲು, ಬಸದಿಗೆ ಕೊಟ್ಟರೆ ಮುಕ್ಕೊಡೆ ಕಲ್ಲು. ಎಲ್ಲಾದ್ರೂ ಗುಡ್ಡದ ಬದಿಯಲ್ಲಿ ಕೊಡೆ ಹಿಡಿದ ಕುಳ್ಳ ಮೂರ್ತಿ ಕೆತ್ತಿದ ಕಲ್ಲು ಕಂಡ್ರೆ, ಅದು ಯಾರೋ ಆಗಿನ ಕಾಲದಲ್ಲಿ ಹಾಕಿದ ಬೇಲಿ ಅಂತ ತಿಳ್ಕೊಳ್ಳಿ.

ಇವತ್ತಿನ ಕ್ರಯಪತ್ರ ತೆಗೆದು ನೋಡಿ. ಕೊನೆಯಲ್ಲಿ "ಚಕ್ಕುಬಂದಿ" ಅಂತ ಬರ್ತದಲ್ಲ, ಪೂರ್ವಕ್ಕೆ ಇಂಥವರ ಜಾಗ, ಪಶ್ಚಿಮಕ್ಕೆ ತೋಡು, ಉತ್ತರಕ್ಕೆ ರಸ್ತೆ? ಸ್ಟ್ಯಾಂಪ್ ಹೋಗಿ ಇ-ಸ್ಟ್ಯಾಂಪ್ ಬಂದ್ರೂ ಗಡಿ ಹೇಳುವ ಶೈಲಿ ಶಾಸನದ್ದೇ. ಚಂದ ಉಂಟು. ಅಪಾಯವೂ ಉಂಟು.

ಭಾಗ 3

1799ರಲ್ಲಿ ಟಿಪ್ಪು ಸುಲ್ತಾನ್ ಸೋತ ಮೇಲೆ ಕೆನರಾ ಕಂಪನಿಯ ಕೈಗೆ ಹೋಯ್ತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಇಲ್ಲಿ ಇದ್ದದ್ದು 1800ರ ತನಕ ಮಾತ್ರ, ಆದ್ರೆ ಬರೆದದ್ದು ತುಂಬಾ. ಆಗಿನ ಕಾಲದಲ್ಲಿ ಬೇರೆ ಕಡೆ ಬ್ರಿಟಿಷರು ಭೂಮಿ ಎಲ್ಲಾ ರಾಜನದ್ದು ಅಂತ ವಾದ ಮಾಡ್ತಿದ್ರು. ಮನ್ರೋ ಇಲ್ಲಿಗೆ ಬಂದು ನೋಡಿದ್ರೆ ಜನರ ಹತ್ರ ಕ್ರಯದ, ಅಡವಿನ, ಮೂಲಗೇಣಿಯ ಹಳೇ ಪತ್ರಗಳು. ಶಾನುಭೋಗರ ಹತ್ರ ಕಪ್ಪು ಬಟ್ಟೆಯ ಕಡತ. ಇಲ್ಲಿ ಭೂಮಿ ಖಾಸಗಿ ಆಸ್ತಿ, ಅದೂ ಬಹಳ ಹಿಂದಿನಿಂದ, ಅಂತ ಅವನು ಒಪ್ಪಿಕೊಂಡ.

ಆದ್ರೆ ಒಂದು ಕೆಲಸ ಮಾಡಲಿಲ್ಲ. ಅಳೆಯಲಿಲ್ಲ. ಇದೇ ಮನ್ರೋ ಇಲ್ಲಿಂದ ಹೋಗಿ ಬಳ್ಳಾರಿ, ಕಡಪ ಕಡೆ ಹೊಲ ಹೊಲ ಸರ್ವೆ ಮಾಡಿಸಿದವನು. ಕೆನರಾದಲ್ಲಿ ಮಾತ್ರ ಹಳೇ ಲೆಕ್ಕದ ಮೇಲೆಯೇ ಕಂದಾಯ ನಿಂತಿತು. ಆ ಲೆಕ್ಕದ ಘಟಕದ ಹೆಸರು "ವರ್ಗ". ವರ್ಗ ಅಂದ್ರೆ ಒಂದು ಹೊಲ ಅಲ್ಲ, ಒಂದು ಖಾತೆ. ಒಬ್ಬ ವರ್ಗದಾರನ ಖಾತೆಯಲ್ಲಿ ಇಲ್ಲಿ ಒಂದು ಬೈಲು, ಅಲ್ಲಿ ಒಂದು ತೋಟ, ಬೇರೆ ಗ್ರಾಮದಲ್ಲಿ ಇನ್ನೊಂದು ತುಂಡು, ಎಲ್ಲಾ ಸೇರಿ ಇಷ್ಟು ಕಂದಾಯ ಅಂತ ಇರ್ಬಹುದಿತ್ತು. ಸರ್ಕಾರಕ್ಕೆ ಹಣ ಬಂದ್ರೆ ಸಾಕು, ಬೇಲಿ ಎಲ್ಲಿ ಅನ್ನುವುದು ಅದರ ತಲೆನೋವು ಅಲ್ಲ.

ಈಗಲೂ ನಮ್ಮಲ್ಲಿ "ಅದು ವರ್ಗ ಜಾಗ" ಅಂತ ಹೇಳ್ತೇವಲ್ಲ, ಅಂದ್ರೆ ಪಟ್ಟಾ ಜಾಗ, ಪಕ್ಕಾ ಜಾಗ ಅನ್ನುವ ಅರ್ಥದಲ್ಲಿ? ಆ ಶಬ್ದ ಲೆಡ್ಜರಿನಿಂದ ಬಂದದ್ದು, ನೆಲದಿಂದ ಅಲ್ಲ.

ಒಂದು ತಮಾಷೆ ನೋಡಿ. ಅದೇ ವರ್ಷಗಳಲ್ಲಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಿಂದ ತ್ರಿಕೋನ ಹಾಕುತ್ತಾ ದೊಡ್ಡ ಸರ್ವೆ ಶುರು ಮಾಡಿದ. 1804ರಲ್ಲಿ ಬೆಂಗಳೂರಿನ ಹತ್ರ ಇನ್ನೊಂದು ಆಧಾರ ರೇಖೆ ಅಳೆದು, ತ್ರಿಕೋನಗಳನ್ನು ಘಟ್ಟ ದಾಟಿಸಿ ಮಂಗಳೂರು ಕಡಲಿನ ತನಕ ತಂದ. ಮದ್ರಾಸಿನಿಂದ ಮಂಗಳೂರಿಗೆ ಅಡ್ಡ ದೂರ ಸುಮಾರು 400 ಮೈಲಿ ಅಂತ ನಕ್ಷೆಗಳು ಹೇಳ್ತಿದ್ದವು. ಅಳೆದ ಮೇಲೆ 360 ಬಂತು! 40 ಮೈಲಿ ಭಾರತ ಕಾಗದದಲ್ಲಿ ಮಾತ್ರ ಇತ್ತು. ಇಷ್ಟು ಸೂಕ್ಷ್ಮವಾಗಿ ದೇಶದ ಅಗಲ ಅಳೆದವರು ಕುವೆಟ್ಟಿನ ಒಂದು ಗದ್ದೆಯ ಅಗಲ ಅಳೆಯಲಿಕ್ಕೆ ಇನ್ನೂ ಎಂಬತ್ತು–ತೊಂಬತ್ತು ವರ್ಷ ತಗೊಂಡ್ರು.

ಭಾಗ 4 (ಇದು ಸರಣಿಯ ಮುಖ್ಯ ಭಾಗ, ನಿಧಾನ ಓದಿ)

ಯಾಕೆ ಅಷ್ಟು ತಡ? ಜನರಿಗೂ ಬೇಡವಾಗಿತ್ತು. ಅಳತೆ ಬಂದ್ರೆ ತೆರಿಗೆ ಏರ್ತದೆ ಅಂತ ಭಯ, ಭಯ ಸುಳ್ಳೂ ಅಲ್ಲ. 1830–31ರಲ್ಲೇ ಕಂದಾಯದ ಭಾರದ ವಿರುದ್ಧ ಕೆನರಾದ ರೈತರು "ಕೂಟ" ಕಟ್ಟಿ ಪ್ರತಿಭಟಿಸಿದ್ದರು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಅಲ್ಲಿ ಸರ್ವೆ ಮಾಡಿ ಹೊಸ ಕಂದಾಯ ಹಾಕಿದಾಗ ಭೂಮಾಲೀಕರು ಕೋರ್ಟಿಗೆ ಹೋದ್ರು. 1875ರಲ್ಲಿ ಬೊಂಬಾಯಿ ಹೈಕೋರ್ಟು ಸರ್ಕಾರದ ಪರ ತೀರ್ಪು ಕೊಟ್ಟಿತು. ಮದ್ರಾಸಿನಲ್ಲೇ ಉಳಿದ ನಮ್ಮ ದಕ್ಷಿಣ ಕನ್ನಡದಲ್ಲಿ ಹೊಲ ಹೊಲದ ಸರ್ವೆ ನಡೆದದ್ದು 1890ರ ದಶಕದ ಆಸುಪಾಸು, ಅದರ ಮೇಲಿನ ಹೊಸ ಕಂದಾಯ ಜಾರಿಗೆ ಬಂದದ್ದು 1900 ದಾಟಿದ ಮೇಲೆ.

ಆಗ ಹುಟ್ಟಿದ್ದೇ ಸರ್ವೆ ನಂಬರು, ಮೂಲೆಗೆ ಕಲ್ಲು, ಮತ್ತೆ ಎಫ್‌ಎಂಬಿ ಅನ್ನುವ ನಕ್ಷೆ ಪುಸ್ತಕ. ಪ್ರತಿ ನಂಬರಿಗೂ ಒಂದು ಚಿತ್ರ, ಅದರ ಮೇಲೆ ಗೆರೆ, ಗೆರೆಯ ಪಕ್ಕ ಸಂಖ್ಯೆ. ಆ ಸಂಖ್ಯೆ ಅಡಿ ಅಲ್ಲ, ಲಿಂಕ್. ಗಂಟರ್ ಸರಪಳಿ ಅಂತ 66 ಅಡಿಯ ಚೈನು, ಅದರಲ್ಲಿ 100 ಕೊಂಡಿ. ಒಂದು ಕೊಂಡಿ 7.92 ಇಂಚು. 1000 ಚದರ ಲಿಂಕ್ ಆದ್ರೆ ಸರಿಯಾಗಿ 1 ಸೆಂಟ್, ಅಂದ್ರೆ 435.6 ಚದರ ಅಡಿ. 100 ಸೆಂಟ್ಸ್ 1 ಎಕರೆ.

ಮೈಸೂರು, ಧಾರವಾಡ ಕಡೆಯ ಕ್ಲಾಸ್‌ಮೇಟ್ ಇದ್ರೆ ಅವನು ಸೆಂಟ್ಸ್ ಅಂದ್ರೆ ಪರ್ಫ್ಯೂಮ್ ಅಂದ್ಕೊಳ್ತಾನೆ 😄 ಅವರದ್ದು ಗುಂಟೆ. ಅಲ್ಲಿಯ ಚೈನು 33 ಅಡಿ, 33 × 33 = 1089 ಚದರ ಅಡಿ ಒಂದು ಗುಂಟೆ, ಎಕರೆಗೆ 40. ಎರಡೂವರೆ ಸೆಂಟ್ಸ್ ಒಂದು ಗುಂಟೆ. ಅಲ್ಲಿ ಟಿಪ್ಪಣಿ, ಆಕಾರಬಂದ್. ಇಲ್ಲಿ ಎಫ್‌ಎಂಬಿ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಕಾಸರಗೋಡು ಕೇರಳಕ್ಕೆ ಹೋಯ್ತು, ಆದ್ರೆ ಮದ್ರಾಸಿನ ಆ ಅಳತೆ ಪುಸ್ತಕ ನಮ್ಮ ಜೊತೆಗೇ ಬಂತು.

ಈಗ ನಿಜವಾದ ವಿಷಯಕ್ಕೆ ಬರ್ತೇನೆ. ಸರ್ವೆ ಮಾಡಿ ವರ್ಗ ಜಾಗಕ್ಕೆ ಗೆರೆ ಎಳೆದ ಮೇಲೆ ಉಳಿದ ಗುಡ್ಡ ಯಾರದ್ದು? ಸರ್ಕಾರದ್ದು. ಆದ್ರೆ ಗದ್ದೆಗೆ ಸೊಪ್ಪು ಬೇಕು, ದನಕ್ಕೆ ಹುಲ್ಲು ಬೇಕು, ಮನೆಗೆ ಮರ ಬೇಕು. ಹಾಗಾಗಿ ಹಳೇ ಕೃಷಿ ವರ್ಗ ಜಾಗದ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಆ ವರ್ಗದಾರನಿಗೆ ಇವನ್ನೆಲ್ಲ ತಗೊಳ್ಳುವ ಸೌಲಭ್ಯ. ಅದರ ಹೆಸರು ಕುಮ್ಕಿ. ಶಬ್ದದ ಮೂಲ ಅರ್ಥ "ಸಹಾಯ". ಕಾಡಾನೆ ಹಿಡಿಯಲಿಕ್ಕೆ ಬರುವ ಕುಮ್ಕಿ ಆನೆಯ ಕುಮ್ಕಿಯೂ ಇದೇ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ ಕುಮ್ಕಿ, ಕಾನೆ, ಬಾಣೆ ಇಂಥ ಸೌಲಭ್ಯಗಳನ್ನು ಮುಂದುವರಿಸಿತು. ಸೌಲಭ್ಯ ಅಂತ, ಒಡೆತನ ಅಂತ ಅಲ್ಲ.

ಮೂರು ತಲೆಮಾರು ಸೊಪ್ಪು ತಂದ ಗುಡ್ಡ "ನಮ್ಮ ಗುಡ್ಡ" ಆಗದೇ ಇರ್ತದಾ? ಅಜ್ಜ ಅಲ್ಲಿ ಗೇರು ನೆಟ್ಟ, ಅಪ್ಪ ರಬ್ಬರ್ ಹಾಕಿದ, ಮಗ ಅಗಳು ತೋಡಿ ಬೇಲಿ ಹಾಕಿ ಮನೆ ಕಟ್ಟಿದ. ಅವನು ಕಳ್ಳ ಅಲ್ಲ. ಅವನ ಪ್ರಕಾರ ಅದು ಅವನದ್ದೇ.

ಈಗ ಹೀಗೆ ಯೋಚಿಸಿ. ಇದು ಕಲ್ಪನೆ, ಆದ್ರೆ ಇಂಥದ್ದು ನೋಡದ ಊರು ಈ ಮೂರು ತಾಲೂಕಿನಲ್ಲಿ ಇರ್ಲಿಕ್ಕಿಲ್ಲ. ನಿಮಗೆ ಒಂದು ಹೆಂಚಿನ ಮನೆ ತೋರಿಸ್ತಾರೆ. ಸುತ್ತ ಕಾಂಪೌಂಡ್, ಬಾವಿ, ಹತ್ತು ತೆಂಗು, ಗೇಟಿನ ತನಕ ಕಾರು ಹೋಗ್ತದೆ. ಆರ್‌ಟಿಸಿಯಲ್ಲಿ 12 ಸೆಂಟ್ಸ್. ನೀವು ಕಣ್ಣಲ್ಲಿ ನೋಡಿದ ಕಾಂಪೌಂಡ್ ಒಳಗೆ ಇರುವುದು 19. ಮೇಲಿನ 7 ಸೆಂಟ್ಸ್ ಕುಮ್ಕಿ. ಬಾವಿ ಅದರಲ್ಲಿ, ಗೇಟೂ ಅದರಲ್ಲಿ. ನೀವು ರೇಟು ಮಾತಾಡಿದ್ದು ಮನೆ ನೋಡಿ, ಬಾವಿ ನೋಡಿ, ಗೇಟು ನೋಡಿ. ನಿಮ್ಮ ಹೆಸರಿಗೆ ಬರೆದುಕೊಡಲಿಕ್ಕೆ ಅವರ ಹತ್ರ ಇರುವುದು 12. "ಇಷ್ಟು ವರ್ಷ ಅನುಭವಿಸಿದ್ದೇವಲ್ಲ" ಅಂದ್ರೆ? ಖಾಸಗಿ ಜಾಗಕ್ಕೆ 12 ವರ್ಷ, ಸರ್ಕಾರಿ ಜಾಗಕ್ಕೆ 30 ವರ್ಷದ ಎದುರು ಸ್ವಾಧೀನ ಅಂತ ಕಾನೂನಿನಲ್ಲಿ ಉಂಟು ನಿಜ. ಆದ್ರೆ ಅನುಮತಿಯಿಂದ ಅನುಭವಿಸಿದ್ದು ಎದುರು ಸ್ವಾಧೀನ ಆಗುವುದಿಲ್ಲ, ಮತ್ತೆ ಕುಮ್ಕಿ ಅನ್ನುವುದೇ ಒಂದು ಅನುಮತಿ!

ಆರ್‌ಟಿಸಿ ಸುಳ್ಳು ಹೇಳಲಿಲ್ಲ ನೋಡಿ. 12 ಅಂದಿತು, 12 ಇದೆ. ಎಲ್ಲಿಂದ ಎಲ್ಲಿಗೆ ಅಂತ ಅದು ಯಾವತ್ತೂ ಹೇಳಿಯೇ ಇಲ್ಲ.

ಭಾಗ 5

1974ರ ಮಾರ್ಚ್ 1. ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದ ದಿನ. ಗೇಣಿ ಜಮೀನು ಸರ್ಕಾರಕ್ಕೆ, ಅಲ್ಲಿಂದ ಉಳುವವನಿಗೆ. ಚಾಲಗೇಣಿ ಒಕ್ಕಲುಗಳೇ ತುಂಬಿದ್ದ ನಮ್ಮ ಜಿಲ್ಲೆಯಲ್ಲಿ ಇದು ಎಷ್ಟು ದೊಡ್ಡ ಬದಲಾವಣೆ ಅಂತ ಹೇಳಿ ಮುಗಿಯುವುದಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಇವತ್ತು ಕಾಲೇಜಿನಲ್ಲಿ ಕೂತಿರುವುದರ ಹಿಂದೆ ಒಬ್ಬ ಅಜ್ಜ ಅಥವಾ ಅಜ್ಜಿ ಭರ್ತಿ ಮಾಡಿಸಿದ ಫಾರಂ 7 ಉಂಟು. ಅದರ ಬಗ್ಗೆ ಬೇರೆ ಸರಣಿಯೇ ಬೇಕು.

ಇಲ್ಲಿಗೆ ಬೇಕಾದ್ದು ಇಷ್ಟೇ: ಒಕ್ಕಲಿನ ಗಡಿ ಬಾಯಿಮಾತಿನದ್ದು. "ಆ ಹುಣಿಯಿಂದ ಈ ಹಲಸಿನ ಮರದ ತನಕ." ಭೂನ್ಯಾಯ ಮಂಡಳಿ ಆದೇಶದಲ್ಲಿ ಅದು "ಸರ್ವೆ ನಂಬರ್ ಇಷ್ಟರ ಪೈಕಿ ಇಷ್ಟು ಸೆಂಟ್ಸ್" ಆಯ್ತು. ಹಕ್ಕು ಸಿಕ್ಕಿತು, ಅದೇ ದೊಡ್ಡದು. ಆದ್ರೆ ಎಷ್ಟೋ ಕಡೆ ಆ ತುಂಡನ್ನು ಅಳೆದು ಬೇರೆ ಮಾಡುವ ಕೆಲಸ, ಅಂದ್ರೆ ಪೋಡಿ, ಹಿಂದೆ ಬಿತ್ತು. ಆಮೇಲೆ ಅಣ್ಣತಮ್ಮಂದಿರ ಪಾಲು, ಮಗಳಿಗೆ 10 ಸೆಂಟ್ಸ್, ಸಾಲಕ್ಕೆ 5 ಸೆಂಟ್ಸ್. ಎಲ್ಲಾ "ಪೈಕಿ".

ನೀವು ಕಲಿಯಬೇಕಾದ ಅತಿ ಮುಖ್ಯ ಕಂದಾಯ ಶಬ್ದ ಯಾವುದು ಅಂತ ಕೇಳಿದ್ರೆ ನಾನು ಹೇಳುವುದು ಇದನ್ನೇ. ಆರ್‌ಟಿಸಿಯಲ್ಲಿ ಪೈಕಿ ಅಥವಾ ಪಿ ಅಂತ ಕಂಡ್ರೆ ಅರ್ಥ: ಈ ದೊಡ್ಡ ತುಂಡಿನೊಳಗೆ ಇವರದ್ದು ಇಷ್ಟು ಉಂಟು, ಎಲ್ಲಿ ಅಂತ ಇನ್ನೂ ಗೆರೆ ಎಳೆದಿಲ್ಲ.

ಭಾಗ 6

2000ದ ಹೊತ್ತಿಗೆ ಭೂಮಿ ಯೋಜನೆ ಬಂತು, ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಆರ್‌ಟಿಸಿ. ಒಳ್ಳೇದೇ. ಆದ್ರೆ ಕಂಪ್ಯೂಟರಿಗೆ ಹೋದದ್ದು ಪುಸ್ತಕ, ಗುಡ್ಡ ಅಲ್ಲ. ಹಳೇ ಪೈಕಿ ಈಗ ಪ್ರಿಂಟ್ ಆಗಿ ಬರ್ತದೆ, ಅಷ್ಟೆ.

ಬ್ರೋಕರ್ ಹೇಳುವ ಒಂದೊಂದು ಕಾಗದ ಏನು ಹೇಳ್ತದೆ, ಏನು ಹೇಳುವುದಿಲ್ಲ ನೋಡಿ. ಋಣಭಾರ ಪತ್ರ ಅಂದ್ರೆ ಇಸಿ: ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ. ಕನ್ವರ್ಷನ್: ಕೃಷಿ ಅಲ್ಲದ ಉಪಯೋಗಕ್ಕೆ 95ನೇ ಕಲಮಿನ ಕೆಳಗೆ ಒಪ್ಪಿಗೆ. ನಮ್ಮವರ ಬಾಯಲ್ಲಿ ನೈನ್ ಇಲೆವೆನ್ ಆದ 9 ಮತ್ತು 11: ಪಂಚಾಯತ್‌ನ ಆಸ್ತಿ ನಮೂನೆಗಳು, 2013ರಿಂದ ಇ-ಸ್ವತ್ತಿನಲ್ಲಿ ಬರುವಂಥದ್ದು. ಸಬ್ ರಿಜಿಸ್ಟ್ರಾರ್ ನಿಮ್ಮ ಪತ್ರ ನೋಂದಣಿ ಮಾಡ್ತಾರೆ, ಜಾಗಕ್ಕೆ ಬಂದು ಟೇಪ್ ಹಿಡಿಯುವುದಿಲ್ಲ. ಆರ್‌ಟಿಸಿಯಲ್ಲಿರುವುದು ಸುಳ್ಳು ಅಂತ ಸಾಬೀತಾಗುವ ತನಕ ನಿಜ ಅಂತ ಕಾನೂನು ಭಾವಿಸ್ತದೆ (133ನೇ ಕಲಂ). "ಸಾಬೀತಾಗುವ ತನಕ" ಅನ್ನುವ ಎರಡು ಶಬ್ದದಲ್ಲೇ ಬೆಳ್ತಂಗಡಿ ಕೋರ್ಟಿನ ಎಷ್ಟೋ ಕೇಸು ಅಡಗಿದೆ.

ಇದು ನಮ್ಮ ದೇಶದ ಮಾತ್ರ ಅವಸ್ಥೆ ಅಂತ ಬೇಜಾರು ಬೇಡ. ಇಂಗ್ಲೆಂಡಿನ ಭೂ ನೋಂದಣಿ ನಕ್ಷೆಯಲ್ಲಿರುವ ಕೆಂಪು ಗೆರೆ ಕೂಡ ಸಾಮಾನ್ಯವಾಗಿ ಅಂದಾಜು ಗಡಿ ಮಾತ್ರ. ಮನೆಯ ಒಡೆತನಕ್ಕೆ ಸರ್ಕಾರವೇ ಗ್ಯಾರಂಟಿ ಕೊಡುವ ಟೊರೆನ್ಸ್ ಪದ್ಧತಿ 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಶುರುವಾಯ್ತು. ನಮ್ಮದು ಹಾಗಲ್ಲ, ಹುಡುಕಿ ನೋಡುವ ಜವಾಬ್ದಾರಿ ಕೊಳ್ಳುವವನದ್ದು.

ಇನ್ನು ಚಕ್ಕುಬಂದಿ. ವಿಸ್ತೀರ್ಣಕ್ಕೂ ಗಡಿಗೂ ತಾಳೆ ಆಗದಿದ್ರೆ ಕೋರ್ಟುಗಳು ಸಾಮಾನ್ಯವಾಗಿ ಗಡಿಯ ವಿವರಕ್ಕೆ ಹೆಚ್ಚು ಬೆಲೆ ಕೊಡ್ತವೆ. ಸರಿ, "ಪಶ್ಚಿಮಕ್ಕೆ ತೋಡು" ಅಂತ ಬರೆದಿದೆ. 2019ರ ಆಗಸ್ಟ್ ನೆನಪುಂಟಾ? ಚಾರ್ಮಾಡಿ, ದಿಡುಪೆ ಕಡೆ ನೀರು ತೋಟದ ಮೇಲೆಯೇ ಹರಿದು ಮರಳು, ಮರದ ದಿಮ್ಮಿ ತಂದು ಹಾಕಿತ್ತು. ತೋಡು ಹತ್ತು ಅಡಿ ಈಚೆ ಬಂದ್ರೆ ನಿಮ್ಮ ಗಡಿ ಎಲ್ಲಿ? ಅದಕ್ಕೆ ಉತ್ತರ ಕೊಡುವುದು ಎಫ್‌ಎಂಬಿಯ ಲಿಂಕ್ ಲೆಕ್ಕ ಒಂದೇ.

ಭಾಗ 7

ಹಾಗಾದ್ರೆ ಯಾವಾಗಲೂ ಸರ್ವೆ ಮಾಡಿಸಲೇಬೇಕಾ? ನನ್ನ ಅಭಿಪ್ರಾಯ: ಫ್ಲಾಟಿಗೆ ಬೇಡ, ಅಲ್ಲಿ ಬೇರೆ ತಲೆನೋವು. ಮಂಜೂರಾದ ಲೇಔಟ್ ಸೈಟು, ನಕ್ಷೆ ಕೈಯಲ್ಲಿ ಉಂಟು, ನಾಲ್ಕು ಮೂಲೆಗೂ ಕಲ್ಲು ಉಂಟು ಅಂದ್ರೆ ನೀವೇ ಟೇಪ್ ಹಿಡಿದು ನೋಡಿದ್ರೂ ನಡೀತದೆ. ಆದ್ರೆ ಗುಡ್ಡದ ಬದಿ, ತೋಟದ ಅಂಚು, ಪೈಕಿ ನಂಬರು, ಕಾಂಪೌಂಡ್ ಹಳೇದು, ಪಕ್ಕದಲ್ಲಿ ಸರ್ಕಾರಿ ಜಾಗ, ಇದರಲ್ಲಿ ಒಂದಿದ್ರೂ ಅಳೆಯದೆ ಅಡ್ವಾನ್ಸ್ ಕೊಡ್ಬೇಡಿ. ಗುರುವಾಯನಕೆರೆ ಸುತ್ತ ಇದರಲ್ಲಿ ಒಂದೂ ಇಲ್ಲದ ಹಳೇ ಮನೆ ಸಿಕ್ಕಿದ್ರೆ ನನಗೂ ಹೇಳಿ.

"ಮೂರು ಅಡಿ ಆಚೀಚೆ ಆದ್ರೆ ಎಂತ ಆಗ್ತದೆ?" ಅಂತ ಕೇಳ್ತಾರೆ. 66 ಅಡಿ ಉದ್ದದ ಒಂದು ಬದಿಯಲ್ಲಿ 3 ಅಡಿ ಅಂದ್ರೆ 198 ಚದರ ಅಡಿ, ಹತ್ತಿರ ಅರ್ಧ ಸೆಂಟ್. ದುಡ್ಡು ಹೋಗ್ಲಿ, ಆ ಮೂರು ಅಡಿಯಲ್ಲಿ ನಿಮ್ಮ ಟಾಯ್ಲೆಟ್ ಗುಂಡಿ ಇದ್ರೆ?

ಕ್ರಮ ಹೀಗೆ. ಅಧಿಕೃತ ಹದ್ದುಬಸ್ತಿಗೆ ಅರ್ಜಿ ಹಾಕುವುದು ಜಾಗದ ಮಾಲೀಕರು. ಅಂದ್ರೆ ನೀವು ಕೊಳ್ಳುವವರಾಗಿ ನೇರ ಹಾಕಲಿಕ್ಕೆ ಆಗುವುದಿಲ್ಲ, ಮಾರುವವರನ್ನು ಕೇಳ್ಬೇಕು. ಇಲ್ಲೇ ಎಲ್ಲರೂ ನಾಚುವುದು. "ನಂಬಿಕೆ ಇಲ್ವಾ?" ಅಂತ ಅವರು ಕೇಳಿದ್ರೆ, "ನಿಮ್ಮ ಮೇಲೆ ಉಂಟು, 1890ರ ಕಲ್ಲಿನ ಮೇಲೆ ಇಲ್ಲ" ಅನ್ನಿ. ಅರ್ಜಿ ಆದ ಮೇಲೆ ಪಕ್ಕದವರಿಗೆ ನೋಟಿಸ್ ಹೋಗ್ತದೆ, ಸರ್ವೆಯರ್ ಬಂದು ನಕ್ಷೆ ಪ್ರಕಾರ ಗಡಿ ತೋರಿಸ್ತಾರೆ. ಪಕ್ಕದವರು ಬಂದು ನಿಲ್ಲುವುದೇ ದೊಡ್ಡ ಲಾಭ. ತಕರಾರು ಇದ್ರೆ ಅವತ್ತೇ ಬಾಯಿ ಬಿಡ್ತಾರೆ, ನೀವು ಗೃಹಪ್ರವೇಶ ಮಾಡಿದ ಮೇಲೆ ಅಲ್ಲ. ಒಂದು ಸರ್ವೆ ನಂಬರಿನ ತುಂಡು ಮಾತ್ರ ಮಾರುವುದಾದ್ರೆ 11ಇ ನಕ್ಷೆ ಹೇಗೂ ಬೇಕಾಗ್ತದೆ. ಅದು ಬಂದ ದಿನ ಕಾಗದ ಕಟ್ಟಿಡದೆ, ಹಿಡ್ಕೊಂಡು ಜಾಗಕ್ಕೆ ಹೋಗಿ ತಾಳೆ ನೋಡಿ. ಮನೆ 94ಸಿ ಹಕ್ಕುಪತ್ರದ್ದಾದ್ರೆ ಮಾರಾಟದ ಷರತ್ತು ಏನುಂಟು ಅಂತ ಮೊದಲು ಓದಿ.

ಇದಕ್ಕೆ ಸಮಯ ಹಿಡೀತದೆ, ಅದು ನಿಜವಾದ ಸಮಸ್ಯೆ. ಅಷ್ಟರಲ್ಲಿ ಬೇರೆ ಪಾರ್ಟಿ ಬಂದ್ರೆ? ಮಧ್ಯದ ದಾರಿ ಒಂದುಂಟು. ಎಫ್‌ಎಂಬಿ ಪ್ರತಿ ತೆಗೆಸಿ, ಖಾಸಗಿ ಸರ್ವೆಯರ್ ಒಬ್ಬರನ್ನು ಕರೆಸಿ ಯಂತ್ರ ಇಟ್ಟು ಅಳೆಸಿ. ಆ ಸ್ಕೆಚ್ಚಿಗೆ ಸರ್ಕಾರಿ ಸರ್ವೆಯ ಬೆಲೆ ಇಲ್ಲ, ಕೋರ್ಟಿನಲ್ಲಿ ಅದನ್ನು ಆಡಿಸಿ ತೋರಿಸಲಿಕ್ಕೆ ಆಗುವುದಿಲ್ಲ. ಆದ್ರೆ ಬಾವಿ 12ರ ಒಳಗಾ, 7ರ ಒಳಗಾ ಅಂತ ಅವತ್ತು ಸಂಜೆಗೇ ಗೊತ್ತಾಗ್ತದೆ. ಕುಮ್ಕಿ ಬಂತು ಅಂತ ಮನೆ ಬಿಡಲೇಬೇಕು ಅಂತಿಲ್ಲ. 12 ಸೆಂಟ್ಸಿನ ರೇಟು ಮಾತಾಡಿ, ಬಾವಿ ಇಲ್ಲ ಅಂತ ಲೆಕ್ಕ ಹಾಕಿ, ಆಮೇಲೂ ಬೇಕು ಅನ್ನಿಸಿದ್ರೆ ತಗೊಳ್ಳಿ. ಆ ಮೇಲೆ ಕರಾರುಪತ್ರದಲ್ಲಿ ಒಂದು ಸಾಲು ಸೇರಿಸಿ: ಹದ್ದುಬಸ್ತು ಆಗಿ, ಪತ್ರದಲ್ಲಿರುವ ವಿಸ್ತೀರ್ಣ ನೆಲದಲ್ಲಿ ಸಿಕ್ಕಿದ ಮೇಲೆ ಮಾತ್ರ ಬಾಕಿ ಹಣ, ಸಿಗದಿದ್ರೆ ಅಡ್ವಾನ್ಸ್ ವಾಪಸ್. ಮಾರುವವರು ಈ ಸಾಲಿಗೆ ಏನು ಹೇಳ್ತಾರೆ ಅಂತ ಕೇಳಿದ್ರೇ ಅರ್ಧ ಸರ್ವೆ ಆದ ಹಾಗೆ.

ನಿಮ್ಮ ಮನೆಯ ಹಳೇ ಪತ್ರದಲ್ಲಿ ಮುಡಿ, ಕಳಸೆ, ಮೂಲಗೇಣಿ ಅಂತ ಏನಾದ್ರೂ ಕಂಡ್ರೆ ಹೆಸರು, ಸರ್ವೆ ನಂಬರು ಮುಚ್ಚಿ ಫೋಟೋ ಕಳಿಸಿ, ಓದಿ ಹೇಳ್ತೇನೆ. ಮುಂದಿನ ಸರಣಿ ಫಾರಂ 7ರ ಬಗ್ಗೆ.

#ಗುರುವಾಯನಕೆರೆ #ಬೆಳ್ತಂಗಡಿ #ತುಳುನಾಡು #ಕುಮ್ಕಿ #ನಮ್ಮೂರಇತಿಹಾಸ